ಕೊಟ್ಟಿಗೆಯ ಮೂಲೆಯ ಫಟಫಟಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮೋಟಾರ್ ಸೈಕಲ್ಲಿಗೆ ಹಳಬರು ಇಟ್ಟ ಹೆಸರು ‘ಫಟಫಟಿ’. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಕೊಂಡ ಜಾವಾ, ಎರಡೂ ಬದಿಗೆ ಹಾಲಿನ ಕ್ಯಾನು ಹೊತ್ತು ಸವೆದ ರಾಜದೂತ, ಅಜ್ಜನ ಕಾಲದ ಬುಲೆಟ್. ಇಂಥ ಗಾಡಿಗಳು ಇಂದಿಗೂ ಅಲ್ಲಲ್ಲಿ ದನದ ಕೊಟ್ಟಿಗೆಯ ಮೂಲೆಯಲ್ಲೋ ತೋಟದ ಪಂಪ್‌ಸೆಟ್ ಮನೆಯ ಹಿಂದೆಯೋ ಗೋಣಿಚೀಲ ಹೊದ್ದು ಬಿದ್ದಿವೆ. 2005 ಮತ್ತು 2019ರಲ್ಲಿ ಕೃಷ್ಣೆ ಉಕ್ಕಿದಾಗ ನೀರು ಕುಡಿದವೂ ಇವುಗಳಲ್ಲಿ ಇರಬಹುದು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುವ ಇಂಥದೊಂದನ್ನು ಹೊಸಬನೊಬ್ಬ ಮತ್ತೆ ರಸ್ತೆಗೆ ತರಬಲ್ಲನೇ? ತರಬಲ್ಲ. ಆದರೆ ಕೆಲಸ ಶುರುವಾಗಬೇಕಾದದ್ದು ಪಾನಾದಿಂದಲ್ಲ, ಕಾಗದದಿಂದ.

ಹೊಸಬನಿಗೆ ಒಗ್ಗುವ ಗಾಡಿ ಯಾವುದೆಂದರೆ ಜಾವಾ ಅಥವಾ ಅದರ ಮುಂದಿನ ಅವತಾರವಾದ ಯೆಜ್ಡಿ. ಚೆಕೊಸ್ಲೊವಾಕಿಯಾದ ಜಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ‘ಜಾವಾ’. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಬೇರೆ ಕಂಪನಿಯಿಂದ ಮತ್ತೆ ಮಾರುಕಟ್ಟೆಗೆ ಬಂದವಾದರೂ ಹೊಸ ಗಾಡಿಯ ಎಂಜಿನ್ ಬೇರೆ, ಹಳೆಯದರ ಎಂಜಿನ್ ಬೇರೆ. ಅದರ ಭಾಗ ಇದಕ್ಕೆ ಕೂಡುವುದಿಲ್ಲ.

ಹಳೆಯ 250 ಸಿ.ಸಿ. ಜಾವಾದ್ದು ಎರಡು ಹೊಡೆತದ ಎಂಜಿನ್. ಅದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕಿನ ಡಬ್ಬಿಗೆ ಹೋಗಿ, ಅಲ್ಲಿ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತವೆ. ಆದ್ದರಿಂದ ಆ ಡಬ್ಬಿಯೊಳಗೆ ಎಲ್ಲಿಂದಲೂ ಗಾಳಿ ನುಸುಳಬಾರದು. ಕ್ರ್ಯಾಂಕಿನ ಎರಡೂ ತುದಿಗೆ ಇರುವ ರಬ್ಬರಿನ ಆಯಿಲ್ ಸೀಲುಗಳ ಕೆಲಸ ಇದೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರು ಗಟ್ಟಿಯಾಗಿ ಬಿರಿದಿರುತ್ತದೆ. ಡೈನಮೋ ಕಡೆಯ ಸೀಲು ಹೋದರೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯ್ದು ಪಿಸ್ಟನ್ ಕಚ್ಚಿಕೊಳ್ಳುತ್ತದೆ; ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನು ಎಂಜಿನ್ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ. ಅಗ್ಗದ ಈ ಎರಡು ಸೀಲುಗಳನ್ನು ಬದಲಿಸದೆ ದುಬಾರಿ ಬಣ್ಣಕ್ಕೆ ಹಣ ಸುರಿಯುವುದು ಹೊಸಬರು ಮಾಡುವ ಮೊದಲ ತಪ್ಪು.

ಎರಡನೆಯ ತಪ್ಪು ಆತುರ. ಮನೆಗೆ ತಂದ ದಿನವೇ ಗಾಡಿಗೆ ಕಿಕ್ ಹೊಡೆಯಬಾರದು. ಪಿಸ್ಟನ್ ತುಕ್ಕಿಗೆ ಅಂಟಿದ್ದರೆ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಬಿಟ್ಟು ನಾಲ್ಕಾರು ದಿನ ನೆನೆಯಲು ಬಿಡಬೇಕು. ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆದಿಟ್ಟುಕೊಳ್ಳುವುದು, ಒಂದೊಂದು ಭಾಗದ ಬೋಲ್ಟು ನಟ್ಟುಗಳನ್ನು ಬೇರೆ ಬೇರೆ ಚೀಲದಲ್ಲಿ ಹೆಸರು ಬರೆದು ಕಟ್ಟಿಡುವುದು ಕ್ಷುಲ್ಲಕವಾಗಿ ಕಾಣಬಹುದು. ಆರು ತಿಂಗಳ ಮೇಲೆ ಗಾಡಿ ಜೋಡಿಸಲು ಕೂತವನಿಗೆ ಅದರ ಬೆಲೆ ತಿಳಿಯುತ್ತದೆ.

ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ, ಕಾಲು ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡದಾಗುತ್ತ ಹೋಗುವ ಓವರ್‌ಸೈಜ್ ಪಿಸ್ಟನ್ ಕೂಡಿಸಬೇಕು. ಪಿಸ್ಟನ್ ಕೈಗೆ ಸಿಕ್ಕ ಮೇಲೆಯೇ ಅದರ ಅಳತೆಗೆ ಬೋರ್. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದವರು ಪೇಚಾಡಿದ್ದುಂಟು. ಈ ವಿಷಯದಲ್ಲಿ ಗಡಿ ತಾಲ್ಲೂಕಿನವರು ಅದೃಷ್ಟವಂತರು. ಒಂದು ಕಡೆ ಕೊಲ್ಹಾಪುರದ ಶಿವಾಜಿ ಉದ್ಯಮನಗರ, ಇನ್ನೊಂದು ಕಡೆ ಬೆಳಗಾವಿಯ ಉದ್ಯಮಬಾಗ. ಎರಡೂ ಫೌಂಡ್ರಿಗೂ ಲೇತಿನ ಕೆಲಸಕ್ಕೂ ಹೆಸರಾದ ಜಾಗಗಳು. ಅಂಗಡಿಯಲ್ಲಿ ಸಿಗದ ಬುಷ್ಷನ್ನು ಮಾದರಿ ಕೊಟ್ಟು ಮಾಡಿಸಿಕೊಳ್ಳುವ ಅನುಕೂಲ ಎಲ್ಲ ಊರಿನವರಿಗೂ ಇರುವುದಿಲ್ಲ.

ಪೆಟ್ರೋಲ್ ಟ್ಯಾಂಕಿನ ಮಾತು ಬೇರೆ. ಅಲ್ಲಿ ಜೀವದ ಪ್ರಶ್ನೆಯಿದೆ. ಒಳಗಿನ ತುಕ್ಕು ತೆಗೆಯಲು ಸಣ್ಣ ನಟ್ಟುಗಳನ್ನೂ ಡೀಸೆಲನ್ನೂ ಹಾಕಿ ಕುಲುಕಿಸಿದರೆ ಬಹುಪಾಲು ಸಾಕು. ಆದರೆ ತೂತು ಬಿದ್ದ ಟ್ಯಾಂಕನ್ನು ಹಾಗೆಯೇ ಒಯ್ದು ವೆಲ್ಡಿಂಗ್ ಮಾಡಿಸಬಾರದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗೆ ಉಳಿದ ಪೆಟ್ರೋಲಿನ ಆವಿ ಗಾಳಿಯೊಂದಿಗೆ ಬೆರೆತು, ಕಿಡಿ ತಾಗಿದೊಡನೆ ಸಿಡಿಯುತ್ತದೆ. ಅದನ್ನು ಅರಿತ, ಪಳಗಿದ ಕೈಗೇ ಕೊಡಬೇಕು. ಟೈರು ನೋಡಲು ಚೆನ್ನಾಗಿದ್ದರೂ ಅದರ ಪಕ್ಕೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. 2309 ಎಂದಿದ್ದರೆ ಅದು 2009ನೇ ಇಸವಿಯ 23ನೇ ವಾರದ ಟೈರು. ಅಂಥದನ್ನು ಗುಜರಿಗೆ ಹಾಕುವುದೇ ಲೇಸು. ಬ್ರೇಕ್ ಲೈನರ್, ಕೇಬಲ್, ಇಲಿ ಕಡಿದ ವೈರಿಂಗ್ ಇವೆಲ್ಲ ಹೊಸತೇ ಆಗಬೇಕು.

ಇನ್ನು ಅಲಂಕಾರ. ಹ್ಯಾಂಡಲ್ ಎತ್ತರಿಸುವುದು, ಸೈಲೆನ್ಸರ್ ಕೊರೆದು ಊರನ್ನೆಲ್ಲ ಎಬ್ಬಿಸುವುದು, ಚಾಸಿಯ ಬಾಲ ಕತ್ತರಿಸಿ ಸೀಟು ಮೊಟಕು ಮಾಡುವುದು ಹುಡುಗರ ಆಸೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಿದರೂ ನೋಂದಣಿ ಪುಸ್ತಕದಲ್ಲಿ ಅದು ದಾಖಲಾಗಬೇಕು. ಸೀಟಿನ ಹೊದಿಕೆ, ಕೈಹಿಡಿಕೆ, ಟ್ಯಾಂಕಿನ ಮೇಲಿನ ಗೆರೆಗಳಲ್ಲಿ ತನ್ನ ರುಚಿ ತೋರಿಸಲು ಬೇಕಾದಷ್ಟು ಜಾಗವಿದೆ. ಕತ್ತರಿಸಿದ ಚಾಸಿ ಮತ್ತೆ ಬೆಳೆಯುವುದಿಲ್ಲ.

ಮೂಲರೂಪ ಉಳಿಸಿದರೆ ಇನ್ನೊಂದು ಲಾಭವಿದೆ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಚಾಸಿ ಎಂಜಿನ್ ಬದಲಾಗದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಸಂಖ್ಯೆಯ ನಡುವೆ ‘ವಿಎ’ ಅಕ್ಷರಗಳು ಬರುತ್ತವೆ. ಮೊದಲ ಯೆಜ್ಡಿಗಳಿಗೆ ಆ ವಯಸ್ಸು ಆಗಲೇ ತುಂಬಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿ ಪ್ರದರ್ಶನ, ರ‍್ಯಾಲಿಗಳಿಗೇ ಹೊರತು ದಿನವೂ ತೋಟಕ್ಕೆ ಹೋಗಿಬರಲು ಅಲ್ಲ. ನಿತ್ಯ ಓಡಿಸುವವನಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ದಾರಿ.

ಕಾಗದದ ಮಾತು ಗಡಿಯಲ್ಲಿ ತುಸು ತೊಡಕಿನದು. ಇಲ್ಲಿನ ಎಷ್ಟೋ ಗಾಡಿಗಳು ಸಂಬಂಧಿಕರ ಕೈಯಿಂದ ಕೈಗೆ ದಾಟಿ ಬಂದವು. ಚಿಕ್ಕೋಡಿಯ ಸಂಖ್ಯೆ ಕೆಎ 23. ಆದರೆ ಕೊಟ್ಟಿಗೆಯಲ್ಲಿ ಸಿಕ್ಕದ್ದು ಕೊಲ್ಹಾಪುರದ ಎಂಎಚ್ 09 ಅಥವಾ ಸಾಂಗಲಿಯ ಎಂಎಚ್ 10 ಆಗಿದ್ದರೆ ಅಲ್ಲಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಮಾಲೀಕ ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು 31ನೇ ನಮೂನೆ, ಅನಂತರ ಮಾರಾಟಕ್ಕೆ 29 ಮತ್ತು 30. ಎಲ್ಲಕ್ಕೂ ಮೊದಲು ಚಾಸಿಯ ಮೇಲೆ, ಎಂಜಿನ್ ಮೇಲೆ ಕೊರೆದ ಸಂಖ್ಯೆಗಳು ಪುಸ್ತಕದಲ್ಲಿರುವ ಸಂಖ್ಯೆಗಳೇ ಹೌದೇ ಎಂದು ತುಕ್ಕು ಒರೆಸಿ ನೋಡಬೇಕು. ತಾಳೆಯಾಗದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬರಬೇಕು. ಕದ್ದ ಗಾಡಿಗೆ ಮಾಡಿಸಿದ ಬೋರು ಯಾರಿಗೂ ದಕ್ಕದು.

ಇಷ್ಟೆಲ್ಲ ಆಗಿ ಗಾಡಿ ನಿಂತಿತೆನ್ನಿ. ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ‌ಟಿ ಆಯಿಲ್ ಬೆರೆಸಿ, ಎಡಗಡೆಯ ಗೇರಿನ ಕೋಲನ್ನು ಎಂಜಿನ್ ಕಡೆಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಜಾವಾದ ಈ ಜಾಣತನ ಕಂಡು ಇಂದಿನ ಹುಡುಗರು ಬೆರಗಾಗುತ್ತಾರೆ. ಮೊದಲು ದಟ್ಟ ಹೊಗೆ ಬರುತ್ತದೆ, ಹೆದರಬೇಕಿಲ್ಲ. ಅದು ಸೈಲೆನ್ಸರಿನೊಳಗೆ ಕೂತ ಹಳೆಯ ಎಣ್ಣೆ. ನಾಲ್ಕೈದು ದಿನ ಓಡಿಸಿದ ಮೇಲೂ ಬಿಳಿ ಹೊಗೆ ನಿಲ್ಲದೆ, ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಮತ್ತೆ ಪಾನಾ ಹಿಡಿದು ಕ್ಲಚ್ ಕಡೆಯ ಸೀಲನ್ನು ನೋಡಬೇಕು.