ಉಬ್ಬಸ, ಸಂಧಿವಾತ ಮತ್ತು ಸ್ಟೀರಾಯ್ಡಿನ ಇಳಿಕೆ: ಒಂದು ಚಾರಿತ್ರಿಕ ವಿವೇಚನೆ

ಉಬ್ಬಸವೂ ಸಂಧಿವಾತವೂ ಒಂದೇ ದೇಹದಲ್ಲಿ ನೆಲಸಿರುವ ರೋಗಿಗಳು ಅಪರೂಪವಲ್ಲ. ಅಂಥವರಲ್ಲಿ ಕೆಲವರು ಎರಡು ಬಾಧೆಗಳಿಗೂ ಪ್ರೆಡ್ನಿಸೊಲೋನ್ ಮೊದಲಾದ ಸ್ಟೀರಾಯ್ಡ್ ಗುಳಿಗೆಯೊಂದನ್ನೇ ವರ್ಷಗಟ್ಟಲೆ ಸೇವಿಸಿರುತ್ತಾರೆ. ಅದನ್ನು ಕಡಮೆ ಮಾಡಬೇಕಾಗಿ ಬಂದಾಗ ಏಳುವ ತೊಡಕುಗಳು ಕೇವಲ ವೈದ್ಯರ ವಿಚಾರವೆಂದು ತೋರಬಹುದು. ಆದರೆ ಆ ತೊಡಕುಗಳಿಗೆ ಒಂದು ಚರಿತ್ರೆಯುಂಟು. ಅದನ್ನು ತಿಳಿಯದೆ ಗುಳಿಗೆಯನ್ನು ತಟ್ಟನೆ ಬಿಟ್ಟವರು ಪ್ರಾಣಾಪಾಯಕ್ಕೆ ಗುರಿಯಾಗಿರುವುದೂ ಉಂಟು. ಆ ಚರಿತ್ರೆಯನ್ನು ಕ್ರಮವಾಗಿ ನಿರೂಪಿಸಿ, ಅದರಿಂದ ಇಂದಿನ ರೋಗಿಯು ತಿಳಿಯತಕ್ಕದ್ದೇನೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನಾವು ಇತಿಹಾಸದ ಅಭ್ಯಾಸಿಗಳೇ ಹೊರತು ವೈದ್ಯರಲ್ಲ. ಯಾರಿಗೆ ಎಷ್ಟು ಪ್ರಮಾಣವೆಂಬುದನ್ನು ನಿರ್ಧರಿಸುವ ಅಧಿಕಾರ ಚಿಕಿತ್ಸೆ ನಡೆಸುವ ವೈದ್ಯರದೇ.

೧. ಬಂದರಿನ ಹಿನ್ನೆಲೆ

ವಿಷಯವನ್ನು ಮಂಗಳೂರಿನ ಹಳೆಯ ಬಂದರಿನಿಂದ ಆರಂಭಿಸುವುದು ಉಚಿತ. ಗುರುಪುರ ಮತ್ತು ನೇತ್ರಾವತಿ ನದಿಗಳು ಕಡಲನ್ನು ಸೇರುವೆಡೆಯಲ್ಲಿ ಬೆಳೆದ ಈ ಪ್ರದೇಶಕ್ಕೆ ೧೩೪೨ರ ಸುಮಾರಿಗೆ ಇಬ್ನ್ ಬತೂತನು ಬಂದಿದ್ದನು. ೧೯೭೪ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಾರಂಭವಾದ ಮೇಲೆ ದೊಡ್ಡ ಹಡಗುಗಳು ಅತ್ತ ಸರಿದವು. ಇಲ್ಲಿ ಮೀನುಗಾರಿಕೆಯ ದಕ್ಕೆ, ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಗಳು, ಸಗಟು ವ್ಯಾಪಾರದ ಅಂಗಡಿಗಳು ಮತ್ತು ಗೋದಾಮುಗಳು ಉಳಿದುಕೊಂಡವು. ಧಾನ್ಯದ ಧೂಳು, ಒಣಮೆಣಸಿನ ಘಾಟು, ಗೋಣಿಯ ನಾರು, ಆಟಿಯ ಮಳೆಯಲ್ಲಿ ಗೋಡೆಗೆ ಹತ್ತುವ ಬೂಷ್ಟು ಇವೆಲ್ಲವೂ ಉಬ್ಬಸವನ್ನು ಕೆರಳಿಸತಕ್ಕ ಕಾರಣಗಳು. ಇಂಥ ಸ್ಥಳದಲ್ಲಿ ದುಡಿದು ಬದುಕುವವನಿಗೆ ಉಸಿರಾಟವೂ ಕೈಕಾಲುಗಳ ಕೀಲುಗಳೂ ಸಮಾನವಾಗಿ ಅಗತ್ಯ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಡುವ ಅನುಕೂಲ ಅವನಿಗಿಲ್ಲ.

ಈ ಎರಡು ರೋಗಗಳನ್ನೂ ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಚರಕಸಂಹಿತೆಯಲ್ಲಿ ವರ್ಣಿತವಾದ ತಮಕಶ್ವಾಸವು ಇಂದಿನ ಉಬ್ಬಸವನ್ನೂ, ಮಾಧವನಿದಾನದಲ್ಲಿ ಬರುವ ಆಮವಾತವು ಕೀಲುಗಳ ಉರಿಯೂತವನ್ನೂ ಬಹುಮಟ್ಟಿಗೆ ಹೋಲುತ್ತವೆ. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಮದರಾಸು ಸರಕಾರದ ಅಧೀನಕ್ಕೆ ಬಂದಿತು. ಅದಾದ ಮೂರು ವರ್ಷಗಳಲ್ಲಿ, ೧೮೦೨ರಲ್ಲಿ, ಉಬ್ಬಸಕ್ಕೆ ದತ್ತೂರದ ಹೊಗೆಯನ್ನು ಸೇದುವ ಇಲ್ಲಿನ ಪದ್ಧತಿಯನ್ನು ಮದರಾಸಿನ ವೈದ್ಯಾಧಿಕಾರಿ ಆಂಡರ್ಸನ್ನನಿಂದ ತಿಳಿದ ಜನರಲ್ ಜೆಂಟ್ ಎಂಬವನು ಅದನ್ನು ಇಂಗ್ಲೆಂಡಿಗೆ ಒಯ್ದನು. ಇಂದು ಸೇದುವ ಔಷಧಗಳಲ್ಲಿ ಒಂದು ವರ್ಗವು ಆ ದತ್ತೂರದ ಸತ್ತ್ವಕ್ಕೆ ಹತ್ತಿರದ ಬಂಧು. ಆದರೆ ಆ ಹೊಗೆ ಉಸಿರಿನ ದಾರಿಯನ್ನು ತಾತ್ಕಾಲಿಕವಾಗಿ ತೆರೆಯುತ್ತಿತ್ತೇ ವಿನಾ ಒಳಗಿನ ಉರಿಯೂತವನ್ನು ಶಮನ ಮಾಡುತ್ತಿರಲಿಲ್ಲ. ಉಸಿರಿಗೂ ಕೀಲಿಗೂ ಒಟ್ಟಿಗೆ ಉಪಶಮನ ನೀಡುವ ಔಷಧಕ್ಕಾಗಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಾಯಬೇಕಾಯಿತು.

೨. ಕಾರ್ಟಿಸೋನಿನ ಆವಿರ್ಭಾವ

ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ ೧೯೨೯ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದನು. ಸಂಧಿವಾತದ ರೋಗಿಗೆ ಕಾಮಾಲೆ ಬಂದಾಗ ಕೀಲುನೋವು ಇಳಿಯಿತು. ಗರ್ಭಿಣಿಯರಲ್ಲಿಯೂ ಹೀಗಾಗುವುದನ್ನು ಕಂಡು, ದೇಹವೇ ಯಾವುದೋ ಶಮನದ್ರವ್ಯವನ್ನು ಉತ್ಪಾದಿಸುತ್ತಿರಬೇಕೆಂದು ಅವನು ಊಹಿಸಿದನು. ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಾಲ್ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಹಲವು ದ್ರವ್ಯಗಳನ್ನು ಬೇರ್ಪಡಿಸಿದ್ದನು. ಸ್ವಿಟ್ಸರ್ಲೆಂಡಿನಲ್ಲಿ ಟಾಡ್ಯೂಸ್ ರೈಕ್‌ಸ್ಟೈನ್ ಸ್ವತಂತ್ರವಾಗಿ ಅದೇ ಕಾರ್ಯದಲ್ಲಿ ತೊಡಗಿದ್ದನು. ರೈಕ್‌ಸ್ಟೈನ್ ಮುಂದೆ ಪ್ರಾಧ್ಯಾಪಕನಾದ ಬಾಸೆಲ್ ನಗರದ ಹೆಸರು ಮಂಗಳೂರಿಗೆ ಹೊಸದಲ್ಲ. ೧೮೩೪ರಲ್ಲಿ ಇಲ್ಲಿಗೆ ಬಂದ ಮಿಷನ್ನೂ ೧೮೬೫ರಲ್ಲಿ ಅದು ಸ್ಥಾಪಿಸಿದ ಹಂಚಿನ ಕಾರ್ಖಾನೆಯೂ ಆ ಹೆಸರನ್ನು ಮನೆಮಾತಾಗಿಸಿದ್ದವು.

೧೯೪೮ರ ಸೆಪ್ಟೆಂಬರ್ ೨೧ರಂದು, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ೨೯ ವರ್ಷದ ಮಹಿಳೆಯೊಬ್ಬಳಿಗೆ ಹೆಂಚನು ಈ ದ್ರವ್ಯದ ಮೊದಲ ಚುಚ್ಚುಮದ್ದನ್ನು ಕೊಟ್ಟನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ೧೯೪೯ರಲ್ಲಿ ಸುದ್ದಿ ಪ್ರಕಟವಾಯಿತು. ೧೯೫೦ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಕಾರ್ಟಿಸೋನನ್ನು ಉಬ್ಬಸಕ್ಕೂ ಬೇಗನೆ ಪ್ರಯೋಗಿಸಲಾಯಿತು. ೧೯೫೬ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಅದರ ಪ್ರಯೋಜನವನ್ನು ನಿಯಂತ್ರಿತ ಪರೀಕ್ಷೆಯಿಂದ ತೋರಿಸಿತು. ೧೯೫೫ರ ಹೊತ್ತಿಗೆ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಎಂಬ ಪ್ರಬಲ ರೂಪಗಳು ಮಾರುಕಟ್ಟೆಗೆ ಬಂದಿದ್ದವು. ಹೀಗೆ ಒಂದೇ ದಶಕದೊಳಗೆ ಒಂದೇ ಕುಲದ ಗುಳಿಗೆ ಎರಡು ರೋಗಗಳ ಆಧಾರವಾಯಿತು.

೩. ತಟ್ಟನೆ ಬಿಡಬಾರದೇಕೆ?

ಹರ್ಷದ ಹಿಂದೆಯೇ ಎಚ್ಚರಿಕೆಯೂ ಬಂದಿತು. ಔಷಧ ನಿಲ್ಲಿಸಿದೊಡನೆ ರೋಗ ಮರಳುವುದನ್ನು ಹೆಂಚನ ತಂಡವೇ ಕಂಡಿತ್ತು. ದೀರ್ಘಕಾಲ ಸೇವಿಸಿದವರಲ್ಲಿ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಮಧುಮೇಹ, ರಕ್ತದೊತ್ತಡ, ಕಣ್ಣಿನ ಪೊರೆ, ಸೋಂಕು ಮುಂತಾದವು ಕಾಣಿಸಿಕೊಂಡವು. ಆದಕಾರಣ ಪ್ರಮಾಣವನ್ನು ಇಳಿಸುವುದು ಅಗತ್ಯವೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ೧೯೫೨ರಲ್ಲಿ ಅಮೆರಿಕದಿಂದ ಒಂದು ಗಂಭೀರ ವರದಿ ಹೊರಟಿತು. ಸಂಧಿವಾತಕ್ಕಾಗಿ ತಿಂಗಳುಗಟ್ಟಲೆ ಕಾರ್ಟಿಸೋನ್ ಸೇವಿಸಿದ್ದ ರೋಗಿಯೊಬ್ಬನು ಶಸ್ತ್ರಚಿಕಿತ್ಸೆಯ ಬಳಿಕ ರಕ್ತದೊತ್ತಡ ಕುಸಿದು ತೀರಿಕೊಂಡನು. ಪರೀಕ್ಷಿಸಿ ನೋಡಲಾಗಿ ಅವನ ಅಡ್ರಿನಲ್ ಗ್ರಂಥಿಗಳು ಕುಗ್ಗಿಹೋಗಿದ್ದವು.

ಕಾರಣ ಸರಳವಾದುದು. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿರುವ ಕಾರ್ಟಿಸಾಲಿನ ಮಟ್ಟವನ್ನು ಗಮನಿಸುತ್ತ ಅಡ್ರಿನಲ್ಲಿಗೆ ಕೆಲಸದ ಆಜ್ಞೆ ಕಳುಹಿಸುತ್ತದೆ. ಗುಳಿಗೆಯ ರೂಪದಲ್ಲಿ ಹೊರಗಿನಿಂದಲೇ ಸ್ಟೀರಾಯ್ಡ್ ಬರುತ್ತಿದ್ದರೆ ಆಜ್ಞೆ ನಿಂತುಹೋಗುತ್ತದೆ. ಕೆಲಸವಿಲ್ಲದ ಗ್ರಂಥಿ ಕ್ಷೀಣಿಸುತ್ತದೆ. ಗುಳಿಗೆಯನ್ನು ಹಠಾತ್ತನೆ ಬಿಟ್ಟಾಗ ಹೊರಗಿನ ಪೂರೈಕೆಯೂ ಇಲ್ಲ, ಒಳಗಿನ ಉತ್ಪತ್ತಿಯೂ ಇಲ್ಲ. ಆಯಾಸ, ಓಕರಿಕೆ, ತಲೆಸುತ್ತು, ತೂಕದ ಇಳಿಕೆಗಳಿಂದ ಆರಂಭವಾಗಿ, ಜ್ವರವೋ ಗಾಯವೋ ಬಂದಾಗ ಪ್ರಾಣಕ್ಕೇ ಮುಳುವಾಗಬಹುದು. ಮೂರು ನಾಲ್ಕು ವಾರಗಳಿಗಿಂತ ಕಡಮೆ ಅವಧಿಯ ಸೇವನೆಯಲ್ಲಿ ಈ ಭಯ ಅಷ್ಟಾಗಿಲ್ಲ. ದೀರ್ಘಕಾಲ ಸೇವಿಸಿದವರಲ್ಲಿ ಗ್ರಂಥಿಯು ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಹಿಡಿಯುವುದುಂಟು.

೪. ಎರಡು ರೋಗಗಳ ವಿರೋಧ

ಒಂದೇ ರೋಗವಿದ್ದವನಿಗೆ ತೊಡಕು ಇಷ್ಟೇ. ಎರಡೂ ಇದ್ದವನಿಗೆ ಇನ್ನೊಂದು ತೊಡಕುಂಟು: ಒಂದರ ಔಷಧ ಇನ್ನೊಂದಕ್ಕೆ ಕೇಡಾಗಬಹುದು. ಆಸ್ಪಿರಿನ್ನಿನಿಂದ ಕೆಲವು ಉಬ್ಬಸದ ರೋಗಿಗಳಿಗೆ ದಮ್ಮು ಕಟ್ಟುವುದನ್ನು ಫ್ರಾನ್ಸಿನ ವಿದಾಲ್ ೧೯೨೨ರಲ್ಲಿಯೇ ವರ್ಣಿಸಿದ್ದನು. ೧೯೬೮ರಲ್ಲಿ ಅಮೆರಿಕದ ಸ್ಯಾಮ್ಟರ್ ಈ ವಿಷಯವನ್ನು ವಿಶದಪಡಿಸಿದನು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳಿಗೂ ಇದೇ ದೋಷವುಂಟು. ಎಲ್ಲ ರೋಗಿಗಳಿಗೂ ಹೀಗಾಗುವುದಿಲ್ಲ. ಆದರೆ ಆಗುವವರಿಗೆ ಅದು ತೀವ್ರವಾಗಿರುತ್ತದೆ.

ಗೋದಾಮಿನಲ್ಲಿ ದುಡಿಯುವ ಒಬ್ಬ ಕಾರ್ಮಿಕನ ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಸ್ಟೀರಾಯ್ಡ್ ಕಡಮೆಯಾದೊಡನೆ ಅವನ ಬೆರಳ ಗೆಣ್ಣುಗಳು ಬಿಗಿಯುತ್ತವೆ. ಮೂಟೆ ಎತ್ತಲಾರದೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಾನೆ. ರಾತ್ರಿ ಉಬ್ಬಸ ಏರುತ್ತದೆ. ಅದನ್ನು ತಗ್ಗಿಸಲು ಮತ್ತೆ ಹೆಚ್ಚು ಸ್ಟೀರಾಯ್ಡ್ ಬೇಕಾಗುತ್ತದೆ. ಇಳಿಕೆಯು ವಿಫಲವಾಯಿತೆಂದು ಅವನೂ ಮನೆಯವರೂ ತಿಳಿಯುತ್ತಾರೆ. ವಸ್ತುತಃ ಕೆಟ್ಟದ್ದು ಇಳಿಕೆಯಲ್ಲ, ನಡುವೆ ಬಂದ ನೋವಿನ ಗುಳಿಗೆ. ಇಂಥ ರೋಗಿಗೆ ಯಾವ ನೋವುಶಾಮಕ ಒಗ್ಗುವುದೆಂಬುದನ್ನು ವೈದ್ಯರು ಮೊದಲೇ ಗೊತ್ತುಪಡಿಸಿ ತಿಳಿಸಿರಬೇಕು. ಸಾಮಾನ್ಯವಾಗಿ ಪ್ಯಾರಸಿಟಮಾಲ್ ಮಿತಪ್ರಮಾಣದಲ್ಲಿ ಸಹ್ಯವಾಗುತ್ತದೆ.

ಇಳಿಕೆಯ ಕಾಲದ ಕೀಲುನೋವಿಗೆ ಮೂರು ಅರ್ಥಗಳಿರಬಹುದು. ಸಂಧಿವಾತವೇ ಮರುಕಳಿಸಿರಬಹುದು. ಅಥವಾ ಔಷಧ ತಗ್ಗಿದುದರಿಂದಲೇ ಮೈಕೈ ನೋಯುತ್ತಿರಬಹುದು. ಇದನ್ನು ಮೇಯೋ ಚಿಕಿತ್ಸಾಲಯದ ಸ್ಲೋಕಂಬ್ ೧೯೫೩ರಲ್ಲಿ ವರ್ಣಿಸಿದನು, ಇದು ಕ್ರಮೇಣ ಶಮನವಾಗುತ್ತದೆ. ಮೂರನೆಯದು ಅಪರೂಪವಾದರೂ ಮರೆಯಬಾರದ್ದು: ೧೯೫೧ರಲ್ಲಿ ಚರ್ಗ್ ಮತ್ತು ಸ್ಟ್ರಾಸ್ ಎಂಬ ವೈದ್ಯರು ಉಬ್ಬಸದವರಲ್ಲಿ ಕಂಡ, ರಕ್ತನಾಳಗಳ ಉರಿಯೂತದ ರೋಗ. ಅದುವರೆಗೆ ಸ್ಟೀರಾಯ್ಡಿನ ಮರೆಯಲ್ಲಿದ್ದ ಈ ರೋಗ ಇಳಿಕೆಯಲ್ಲಿ ಹೊರಬೀಳಬಹುದು. ಕೀಲುನೋವಿನೊಡನೆ ಚರ್ಮದಲ್ಲಿ ಕೆಂಪು ಗುಳ್ಳೆ, ಕೈಕಾಲುಗಳಲ್ಲಿ ಜೋಮು, ಪಾದ ಜೋತುಬೀಳುವುದು ಇವು ಕಂಡರೆ ಒಂದು ದಿನವೂ ತಡಮಾಡಬಾರದು. ಆದುದರಿಂದ ನೋವೆಂದೊಡನೆ ತಾವಾಗಿಯೇ ಪ್ರಮಾಣವನ್ನು ಏರಿಸುವುದೂ ಸಲ್ಲದು, ಸಹಿಸಿಕೊಂಡು ಸುಮ್ಮನಿರುವುದೂ ಸಲ್ಲದು.

೫. ಇಳಿಕೆಯ ಕ್ರಮ

ಇಳಿಕೆಯ ಮೊದಲ ಸೂತ್ರವಿದು: ಸ್ಟೀರಾಯ್ಡ್ ಹೊತ್ತಿದ್ದ ಭಾರವನ್ನು ಮೊದಲು ಬೇರೆ ಔಷಧಗಳು ಹೊರಬೇಕು, ಆಮೇಲೆ ಅದನ್ನು ಇಳಿಸಬೇಕು. ಉಬ್ಬಸಕ್ಕೆ ಆ ಆಸರೆ ೧೯೭೨ರಲ್ಲಿ ಬಳಕೆಗೆ ಬಂದ, ಸೇದುವ ಸ್ಟೀರಾಯ್ಡಿನಿಂದ ದೊರಕಿತು. ಅದು ಶ್ವಾಸನಾಳಗಳಲ್ಲಿಯೇ ಕೆಲಸ ಮಾಡುವುದರಿಂದ ಅತ್ಯಲ್ಪ ಪ್ರಮಾಣ ಸಾಕು. ಇನ್‌ಹೇಲರ್ ಚಟ ಹತ್ತಿಸುತ್ತದೆಂಬ ಭಯದಿಂದ ಅದನ್ನು ಬಿಟ್ಟು ಗುಳಿಗೆಯನ್ನೇ ನೆಚ್ಚುವುದು ತಿರುಗುಮುರುಗಾದ ವಿವೇಕ. ಸಂಧಿವಾತಕ್ಕೆ ೧೯೮೦ರ ದಶಕದಿಂದ ಮೆಥೊಟ್ರೆಕ್ಸೇಟ್ ಮುಖ್ಯ ಆಸರೆಯಾಗಿದೆ. ಇದರ ಫಲ ಕಾಣಲು ಆರರಿಂದ ಹನ್ನೆರಡು ವಾರಗಳು ಬೇಕು. ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು, ದಿನವೂ ನುಂಗಿದರೆ ವಿಷವಾಗುತ್ತದೆ. ಇದರಿಂದ ವಿರಳವಾಗಿ ಶ್ವಾಸಕೋಶದ ಉರಿಯೂತ ಉಂಟಾಗುವುದರಿಂದ, ಹೊಸದಾಗಿ ಬಂದ ಒಣಕೆಮ್ಮನ್ನು ಉಬ್ಬಸವೆಂದೇ ಭಾವಿಸಬಾರದು. ಮೊಣಕಾಲಿನ ಸವೆತದಂಥ ನೋವಿಗಾದರೋ ಸ್ಟೀರಾಯ್ಡ್ ಗುಳಿಗೆಯೂ ಮೆಥೊಟ್ರೆಕ್ಸೇಟೂ ಉಚಿತವಲ್ಲ. ರೋಗ ಯಾವುದೆಂಬ ನಿರ್ಣಯ ಮೊದಲಾಗಬೇಕು.

ಎರಡನೆಯದು ಗತಿಯ ವಿಷಯ. ದೇಹವು ತಾನೇ ಉತ್ಪಾದಿಸುವ ಕಾರ್ಟಿಸಾಲಿಗೆ ಸಮನಾದ ಪ್ರೆಡ್ನಿಸೊಲೋನ್ ದಿನಕ್ಕೆ ಸುಮಾರು ೫ ಮಿಲಿಗ್ರಾಂ. ಇದಕ್ಕಿಂತ ಬಹಳ ಮೇಲಿರುವಾಗ ಇಳಿಕೆ ಸ್ವಲ್ಪ ಶೀಘ್ರವಾಗಿರಬಹುದು. ಇದನ್ನು ಸಮೀಪಿಸಿದಂತೆ ಮೆಟ್ಟಿಲುಗಳು ಚಿಕ್ಕವಾಗಬೇಕು. ೨೦೨೦ರಲ್ಲಿ ಪ್ರಕಟವಾದ ಸಂಧಿವಾತದ ಅಧ್ಯಯನವೊಂದರಲ್ಲಿ, ರೋಗ ಹತೋಟಿಯಲ್ಲಿದ್ದವರಿಗೆ ೫ ಮಿಲಿಗ್ರಾಮಿನಿಂದ ನಾಲ್ಕು ವಾರಕ್ಕೆ ೧ ಮಿಲಿಗ್ರಾಮಿನಂತೆ ಇಳಿಸಿ ನಿಲ್ಲಿಸಲಾಯಿತು. ಅವರಲ್ಲಿ ೧೦೦ಕ್ಕೆ ೬೫ ಮಂದಿ ಯಶಸ್ವಿಯಾದರು. ೨೦೨೨ರ ಉಬ್ಬಸದ ಅಧ್ಯಯನವೊಂದರಲ್ಲಿ, ಹೊಸ ಜೈವಿಕ ಔಷಧದ ಆಸರೆಯಿಂದ ೫೯೮ ರೋಗಿಗಳಲ್ಲಿ ೧೦೦ಕ್ಕೆ ಸುಮಾರು ೬೩ ಮಂದಿ ಗುಳಿಗೆಯನ್ನು ಪೂರ್ಣವಾಗಿ ಬಿಟ್ಟರು. ಉಳಿದವರನ್ನು ಸೋತವರೆಂದು ಭಾವಿಸುವುದು ತಪ್ಪು. ಅತ್ಯಲ್ಪ ಪ್ರಮಾಣದಲ್ಲಿ ನಿಲ್ಲುವುದೂ ಒಂದು ಗೆಲವೇ.

ಮೂರನೆಯದು ಕಾಲದ ಆಯ್ಕೆ. ರೋಗಿಯ ಉಬ್ಬಸ ಯಾವ ಋತುವಿನಲ್ಲಿ ಕೆರಳುವುದೋ ಆ ಋತುವಿನಲ್ಲಿ ಇಳಿಕೆಯನ್ನು ಆರಂಭಿಸದಿರುವುದು ಲೇಸು. ಏಕಕಾಲದಲ್ಲಿ ಎರಡು ಔಷಧಗಳನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಜ್ವರ, ಅಪಘಾತ, ಶಸ್ತ್ರಚಿಕಿತ್ಸೆಗಳಲ್ಲಿ ಪ್ರಮಾಣವನ್ನು ತಾತ್ಕಾಲಿಕವಾಗಿ ಏರಿಸಬೇಕಾಗುತ್ತದೆ. ವಾಂತಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ಕ್ಷಯರೋಗ ಪ್ರಬಲವಾಗಿರುವ ನಮ್ಮ ದೇಶದಲ್ಲಿ ಜೈವಿಕ ಔಷಧಗಳನ್ನು, ವಿಶೇಷವಾಗಿ ಸಂಧಿವಾತದವನ್ನು, ಆರಂಭಿಸುವ ಮೊದಲು ಅದರ ಪರೀಕ್ಷೆ ಆಗತಕ್ಕದ್ದು.

೬. ಉಪಸಂಹಾರ

ಮೇಲ್ಕಂಡ ವಿಚಾರಗಳಲ್ಲಿ ಬಹುಭಾಗವು ೧೯೫೩ರ ಹೊತ್ತಿಗೇ ವೈದ್ಯಲೋಕಕ್ಕೆ ವಿದಿತವಾಗಿತ್ತು. ಆದರೂ ತಟ್ಟನೆ ಬಿಡುವ ಅನಾಹುತ ಇಂದಿಗೂ ನಿಂತಿಲ್ಲ. ಏಕೆಂದರೆ ಜ್ಞಾನ ಗ್ರಂಥದಲ್ಲಿದೆ. ಗುಳಿಗೆ ರೋಗಿಯ ಕೈಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವಿದ್ದರೂ ಹಳೆಯ ಚೀಟಿಯ ಮೇಲೆ ಗುಳಿಗೆ ಕೊಳ್ಳುವುದುಂಟು. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಪ್ರಕರಣಗಳೂ ಭಾರತದಲ್ಲಿ ವರದಿಯಾಗಿವೆ. ಅಂಥದನ್ನು ಸೇವಿಸಿದವನಿಗೆ ತಾನು ಬಿಡುತ್ತಿರುವುದೇನೆಂಬುದೇ ತಿಳಿದಿರುವುದಿಲ್ಲ.

ಇತಿಹಾಸದ ಅಭ್ಯಾಸಿಗಳಾದ ನಾವು ಇಲ್ಲಿ ಹೇಳಬಹುದಾದ ಮಾತು ಒಂದೇ. ದಾಖಲೆಯನ್ನು ಕಳೆಯಬಾರದು. ಯಾವ ದಿನದಿಂದ, ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾವಾಗ ಎಷ್ಟು ಇಳಿಸಿದ್ದು, ಆಗ ಉಸಿರು ಹೇಗಿತ್ತು, ಕೀಲು ಹೇಗಿತ್ತು ಎಂಬುದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು. ಸ್ಟೀರಾಯ್ಡ್ ಸೇವಿಸುವವನೆಂಬ ಚೀಟಿ ಸದಾ ಜೇಬಿನಲ್ಲಿರಬೇಕು. ಬಂದರಿಗೆ ಹತ್ತಿರದಲ್ಲಿಯೇ, ೧೮೪೮ರಲ್ಲಿ ಸ್ಥಾಪಿತವಾದ ಸರಕಾರಿ ವೆನ್‌ಲಾಕ್ ಆಸ್ಪತ್ರೆಯಿದೆ. ಅಪರಾತ್ರಿಯಲ್ಲಿ ಅಂಥ ಆಸ್ಪತ್ರೆಗೆ ಪ್ರಜ್ಞೆ ತಪ್ಪಿದ ರೋಗಿಯನ್ನು ಹೊತ್ತು ತಂದಾಗ, ಅವನ ಪರವಾಗಿ ಮಾತನಾಡತಕ್ಕದ್ದು ಆ ಚೀಟಿಯೊಂದೇ.