ಮನೆಯ ಒಳಾಂಗಣ: ಅಂದವೂ ಬಾಳಿಕೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಇಂದಿನ ನಗರವಾಸಿಗೆ ಇವೆರಡರ ಜೊತೆಗೆ ಮೂರನೆಯ ಪರೀಕ್ಷೆಯೊಂದು ಸೇರಿಕೊಂಡಿದೆ. ಕಟ್ಟಿದ ಮನೆಯ ಒಳಗನ್ನು ಯಾವ ವಸ್ತುವಿನಿಂದ ಸಿಂಗರಿಸಬೇಕು? ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲವೂ ಹೊಳೆಯುವುದು. ಆದರೆ ಮನೆಯವರು ಬದುಕಬೇಕಾದುದು ಆ ವಸ್ತುಗಳ ನಡುವೆ, ಮೂವತ್ತು ನಲವತ್ತು ವರ್ಷ.

ಹಿಂದಿನವರಿಗೆ ಈ ಚಿಂತೆ ಇರಲಿಲ್ಲ. ಎತ್ತಿನ ಗಾಡಿ ಒಂದೆರಡು ದಿನದಲ್ಲಿ ಎಷ್ಟು ದೂರ ಹೋಗಿ ಬರಬಲ್ಲುದೋ ಅಷ್ಟರೊಳಗಿನ ಕಲ್ಲು, ಮಣ್ಣು, ಸುಣ್ಣ, ಮರವೇ ಸಾಮಾನ್ಯರ ಮನೆಗೆ ಒದಗುತ್ತಿತ್ತು. ಕಲಬುರಗಿಯ ಸೀಮೆಯಲ್ಲಿ ಶಹಾಬಾದಿನ ಹಾಸುಗಲ್ಲು, ಕರಾವಳಿಯಲ್ಲಿ ಮಂಗಳೂರು ಹೆಂಚು, ಮಲೆನಾಡಿನಲ್ಲಿ ಮರದ ಕಂಬ. ಬಡತನವೂ ದೂರವೂ ಕಲಿಸಿದ ಆ ಮಿತವ್ಯಯವನ್ನು ಇಂದು ವಿಜ್ಞಾನವು ಬೇರೊಂದು ಕಾರಣಕ್ಕಾಗಿ ಎತ್ತಿ ಹಿಡಿಯುತ್ತಿದೆ. ಜಗತ್ತಿನಲ್ಲಿ ಮನುಷ್ಯನಿಂದ ಹೊರಬೀಳುವ ಇಂಗಾಲಾಮ್ಲ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯೊಂದರಿಂದಲೇ ಬರುವುದು. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡುವಾಗ ಉರುವಲಿನ ಹೊಗೆಯಷ್ಟೇ ಅಲ್ಲದೆ, ಕಲ್ಲಿನೊಳಗೆ ಅಡಗಿದ್ದ ಅನಿಲವೂ ಬಿಡುಗಡೆಯಾಗುವುದೇ ಇದಕ್ಕೆ ಕಾರಣ.

ಕಾಲಿನ ಕೆಳಗಿನ ನೆಲ

ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ಕೆಂಪು ಗಾರೆಯ ನೆಲದ ತಂಪು ಮರೆಯುವಂಥದಲ್ಲ. ರೆಡ್ ಆಕ್ಸೈಡ್ ಎಂದು ಜನ ಕರೆಯುವ ಆ ಬಣ್ಣ ಕಬ್ಬಿಣದ ತುಕ್ಕಿನ ಜಾತಿಯದು. ಕೆಳಗಿನ ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಬೆರೆಸಿದ ತೆಳುವಾದ ಲೇಪವನ್ನು ಹಾಕಿ, ಮೇಸ್ತ್ರಿಯು ಕರಣೆಯಿಂದ ಮತ್ತೆ ಮತ್ತೆ ತೀಡಿ ನಯಗೊಳಿಸುವನು. ಬಳಿಕ ಹಲವು ದಿನ ನೀರುಣಿಸಬೇಕು. ಒಣಗಿದ ಮೇಲೆ ಕೊಬ್ಬರಿ ಎಣ್ಣೆಯನ್ನೋ ಮೇಣವನ್ನೋ ತಿಕ್ಕಬೇಕು. ವರ್ಷ ಕಳೆದಂತೆ, ನಡೆದಾಡಿದಷ್ಟೂ, ಅದರ ಹೊಳಪು ಏರುವುದು.

ಈ ನೆಲಕ್ಕೂ ಸಿಮೆಂಟು ಬೇಕೆಂಬುದು ನಿಜ. ಆದರೆ ಅದರ ಮೇಲೆ ಹಾಸಲು ಬೇರೊಂದು ವಸ್ತು ಬೇಕಿಲ್ಲ. ಕಾರ್ಖಾನೆಯ ವಿಟ್ರಿಫೈಡ್ ಬಿಲ್ಲೆಯನ್ನು ಸುಮಾರು 1,200 ಡಿಗ್ರಿ ಶಾಖದಲ್ಲಿ ಸುಡಬೇಕು. ಗುಜರಾತಿನ ಮೋರ್ಬಿಯಂಥ ದೂರದ ಊರಿನಿಂದ ಲಾರಿಯಲ್ಲಿ ತರಿಸಿದ ಮೇಲೆ, ಹಾಸುವುದಕ್ಕೆ ಮತ್ತೆ ಸಿಮೆಂಟೇ ಬೇಕು. ಹಾಗೆಂದು ಗಾರೆ ನೆಲಕ್ಕೆ ದೋಷವಿಲ್ಲವೆಂದಲ್ಲ. ಅವಸರದ ಕೆಲಸವಾದರೆ ಬಿರುಕು ಬಿಡುವುದು. ನಿಂಬೆರಸ, ಹುಣಸೆಹುಳಿ ಬಿದ್ದಲ್ಲಿ ಕಲೆ ನಿಲ್ಲುವುದು. ಎಲ್ಲಕ್ಕಿಂತ ಮಿಗಿಲಾಗಿ, ನುರಿತ ಕೈಗಳು ಇಂದು ವಿರಳ. ತಾಳ್ಮೆಯಾಗಲಿ ಮೇಸ್ತ್ರಿಯಾಗಲಿ ದೊರೆಯದವರಿಗೆ ಶಹಾಬಾದಿನ ಬೂದು ಕಲ್ಲು, ಕಡಪದ ಕಪ್ಪು ಕಲ್ಲು ಒಳ್ಳೆಯ ಆಸರೆ. ಇವು ಭೂಮಿಯಲ್ಲೇ ಪದರಪದರವಾಗಿ ಇರುವುದರಿಂದ ಸೀಳಿ, ಅಂಚು ಕತ್ತರಿಸಿ, ನಯಮಾಡಿದರೆ ಸಾಕು. ಸುಡುವ ಕೆಲಸವೇ ಇಲ್ಲ.

ಹಳೆಯ ಮನೆಯನ್ನು ಕೊಂಡವರು ಮೊದಲು ಮಾಡುವ ಕೆಲಸ ನೆಲವನ್ನು ಅಗೆದು ಹಾಕಿಸುವುದು. ಅದಕ್ಕೆ ಮುನ್ನ ಒಂದು ದಿನ ಅದನ್ನು ಚೆನ್ನಾಗಿ ತೊಳೆಸಿ, ಎಣ್ಣೆ ತಿಕ್ಕಿಸಿ ನೋಡುವುದು ಲೇಸು. ಇರುವ ನೆಲವನ್ನು ಉಳಿಸಿಕೊಳ್ಳುವುದಕ್ಕಿಂತ ಅಗ್ಗವಾದ ನೆಲ ಯಾವ ಅಂಗಡಿಯಲ್ಲಿಯೂ ಇಲ್ಲ.

ಉಸಿರಾಡುವ ಗೋಡೆ

ಸುಣ್ಣವನ್ನು ಸುಡಲು ಸಿಮೆಂಟಿಗಿಂತ ಕಡಿಮೆ ಶಾಖ, ಸುಮಾರು 900 ಡಿಗ್ರಿ, ಸಾಕು. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುವುದು. ಕಳೆದುಕೊಂಡುದರಲ್ಲಿ ಒಂದು ಭಾಗವನ್ನು ಹೀಗೆ ಹಿಂದಕ್ಕೆ ಪಡೆಯುವುದು ಸುಣ್ಣದ ವೈಶಿಷ್ಟ್ಯ. ಮಣ್ಣು, ಸುಣ್ಣಗಳಿಂದ ಕಟ್ಟಿದ ಹಳೆಯ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತಿರುವುದು. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿ, ಎರಡು ಮಳೆಗಾಲದೊಳಗೆ ಬಣ್ಣ ಹಪ್ಪಳದಂತೆ ಏಳುವುದು. ಬಡಿಯುವವನ ಬೆನ್ನಿಗೆ ಸುಣ್ಣ ಅಂಟುವುದೆಂಬ ದೂರು ಹಳೆಯದು. ಆದುದರಿಂದ ಒರಗುವ ಜಾಗ ಬಿಟ್ಟು, ಚಾವಣಿಗೂ ಮೇಲುಗೋಡೆಗೂ ಅದನ್ನು ಬಳಸುವುದು ಜಾಣತನ.

ಇಲ್ಲಿ ತಾಯಂದಿರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿಯೊಂದುಂಟು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸ ಹೆಚ್ಚಾಗಿದ್ದಿರಬಹುದು. ಆದುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿಸಬಾರದು. ನೀರು ಚಿಮುಕಿಸಿ ಒದ್ದೆಯಾಗಿ ಉಜ್ಜಿಸಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಸಬೇಕು. ಆ ಕೆಲಸ ಮುಗಿಯುವ ತನಕ ಮಕ್ಕಳೂ ಬಸುರಿಯರೂ ಆ ಮನೆಯಲ್ಲಿ ಇರಬಾರದು.

ಮರ, ಹಲಗೆ, ಬಿದಿರು

ತೇಗದ ಮರ ಬಲಿಯಲು ಸುಮಾರು ಐವತ್ತು ಅರುವತ್ತು ವರ್ಷ ಬೇಕು. ಆದುದರಿಂದ ಹೊಸ ತೇಗವನ್ನು ಕಡಿಸುವ ಮುನ್ನ ಹಳೆಯದನ್ನು ಹುಡುಕುವುದು ಧರ್ಮ. ಕೆಡವಿದ ಮನೆಗಳ ಬಾಗಿಲು, ತೊಲೆ, ಕಂಬಗಳು ಹಳೆಯ ಮರದ ಅಂಗಡಿಗಳಲ್ಲಿ ದೊರೆಯುವುವು. ಚೆನ್ನಾಗಿ ಒಣಗಿ ಪಳಗಿದ ಆ ಮರ ಸುಲಭವಾಗಿ ಸೊಟ್ಟಗಾಗದು. ಹೊಸತೇ ಬೇಕೆನ್ನುವವರಿಗೆ ರಬ್ಬರ್ ಮರವುಂಟು. ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಬತ್ತಿದ ಮೇಲೆ ಹೇಗೂ ಕಡಿಯಲೇಬೇಕಾದ ಮರವದು. ಹುಳು ಹಿಡಿಯದಂತೆ ಸಂಸ್ಕರಿಸಿದರೆ ಮೇಜು ಕುರ್ಚಿಗಳಿಗೆ ಯೋಗ್ಯ.

ಬಿದಿರು ಹುಲ್ಲಿನ ಜಾತಿಯದು. ಮೂರರಿಂದ ಐದು ವರ್ಷಕ್ಕೆ ಬಲಿಯುವುದು; ಕಡಿದರೆ ಮೆಳೆ ಸಾಯದೆ ಮತ್ತೆ ಚಿಗುರುವುದು. 2017ರಲ್ಲಿ ಅರಣ್ಯ ಕಾಯಿದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟುದರಿಂದ, ರೈತನು ತನ್ನ ಹೊಲದಲ್ಲಿ ಬೆಳೆದುದನ್ನು ಕಡಿದು ಮಾರಲು ಇದ್ದ ತೊಡಕು ಬಹುಮಟ್ಟಿಗೆ ಕಳೆಯಿತು. ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸದ ಬಿದಿರನ್ನು ಮಾತ್ರ ಕೊಳ್ಳಕೂಡದು. ಕುಟ್ಟೆ ಹುಳು ಅದನ್ನು ಪುಡಿಗಟ್ಟುವುದು.

ಇನ್ನು ಪ್ಲೈವುಡ್ ಮತ್ತು ಮರದ ಹೊಟ್ಟಿನ ಹಲಗೆಗಳು. ಹೊಸ ಬೀರು ತೆರೆದಾಗ ಕಣ್ಣುರಿ ತರಿಸುವ ವಾಸನೆಗೆ ಅನೇಕ ವೇಳೆ ಅವುಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಕಾರಣ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಕೊಳ್ಳುವಾಗ ‘ಇ-0’ ಅಥವಾ ‘ಇ-1’ ದರ್ಜೆಯದನ್ನು ಕೇಳಿ ಪಡೆಯಬೇಕು. ಹಲಗೆಯ ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿಸಬೇಕು. ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಟ್ಟು, ಆಮೇಲಷ್ಟೇ ಮಕ್ಕಳ ಹಾಸಿಗೆಯನ್ನು ಆ ಕೋಣೆಗೆ ಸಾಗಿಸಬೇಕು.

ಮೂರು ಪ್ರಶ್ನೆಗಳು

ಹಳೆಯದೆಲ್ಲ ಒಳ್ಳೆಯದೆಂಬ ಭ್ರಮೆಯೂ ಸಲ್ಲದು. ಒಂದು ಕಾಲಕ್ಕೆ ಮೆಚ್ಚಿ ಹಾಕಿಸಿದ ಆಸ್‌ಬೆಸ್ಟಾಸ್ ತಗಡಿನ ನಾರು ಶ್ವಾಸಕೋಶಕ್ಕೆ ಕೇಡು. ಅದನ್ನು ಒಡೆಯದೆ, ಕೊರೆಯದೆ, ತಿಳಿದವರಿಂದ ತೆಗೆಸಬೇಕು. ಹಾಗೆಯೇ ‘ಹಸಿರು’ ಎಂಬ ಚೀಟಿ ಅಂಟಿಸಿದ್ದೆಲ್ಲ ಹಸಿರಲ್ಲ.

ಅಂಗಡಿಯವನ ಮುಂದೆ ಗೃಹಸ್ಥನು ಮೂರು ಪ್ರಶ್ನೆ ಹಾಕಿದರೆ ಸಾಕು. ಈ ವಸ್ತು ಎಷ್ಟು ದೂರದಿಂದ ಬಂದಿತು? ಮನೆಯೊಳಗಿನ ಗಾಳಿಗೆ ಏನನ್ನು ಬಿಡುವುದು? ಒಡೆದರೆ ದುರಸ್ತಿಯಾಗುವುದೋ, ಕಸವಾಗುವುದೋ? ಮಂಗಳೂರು ಹೆಂಚಿನ ಚರಿತ್ರೆ ಕೊನೆಯ ಪ್ರಶ್ನೆಗೆ ಉತ್ತರದಂತಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಆ ಊರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂಥ ಕಾರ್ಖಾನೆಗಳ ಹೆಂಚು ಇಂದಿಗೂ ಒಂದು ಮಾಡಿನಿಂದ ಇಳಿದು ಇನ್ನೊಂದು ಮಾಡನ್ನು ಏರುತ್ತದೆ. ಒಂದು ಒಡೆದರೆ ಒಂದನ್ನೇ ಬದಲಿಸಿದರಾಯಿತು. ಕೈಯಲ್ಲಿರುವ ಹಣಕ್ಕೆ ಇಂಥ ಬಾಳಿಕೆ ದೊರೆಯುವುದಾದರೆ, ಈ ವರ್ಷದ ಹೊಸ ಮಾದರಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದುದಕ್ಕೆ ಯಾವ ಗೃಹಿಣಿಯೂ ಮರುಗಬೇಕಾಗಿಲ್ಲ.