ಕುದುರೆಯ ಬೆನ್ನು, ಸವಾರನ ತೊಡೆ, ನಡುವೆ ಒಂದು ಜೀನು

ಹೊಸ ಜೋಡು ಕಾಲನ್ನು ಕಚ್ಚಿದರೆ ನಾವು ಕುಂಟುತ್ತ ಮನೆಗೆ ಬಂದು, ಅದನ್ನು ಮೂಲೆಗೆಸೆದು ಹಳೆಯದನ್ನೇ ಮೆಟ್ಟಿಕೊಳ್ಳುತ್ತೇವೆ. ಕುದುರೆಗೆ ಆ ಸ್ವಾತಂತ್ರ್ಯವಿಲ್ಲ. ಬೆನ್ನಿನ ಮೇಲಿನ ಜೀನು ಎಷ್ಟೇ ನೋಯಿಸಿದರೂ ಅದು ಬಾಯಿಬಿಟ್ಟು ಹೇಳಲಾರದು. ಹೊಟ್ಟೆಪಟ್ಟಿಯನ್ನು ಬಿಗಿಯುವಾಗ ಕಚ್ಚಲು ಬರುವುದು, ಸವಾರನು ಹತ್ತುವಾಗ ಬೆನ್ನನ್ನು ಕುಗ್ಗಿಸುವುದು, ಓಡಲೊಲ್ಲದೆ ನಿಲ್ಲುವುದು, ಹಿಂಗಾಲು ಝಾಡಿಸುವುದು ಇವೇ ಅದರ ಮಾತು. ಆ ಮಾತನ್ನರಿಯದವರು ‘ಇದು ಹಠಮಾರಿ ಕುದುರೆ’ ಎಂದು ಚಾಟಿಯನ್ನೆತ್ತುವರು. ತಪ್ಪು ಕುದುರೆಯದಾಗಿರದೆ ಜೀನಿನದಾಗಿರುವುದುಂಟು. ಬೆನ್ನು ಚಿಕ್ಕದಾದ ಕುದುರೆಗೆ ಈ ಸಂಕಟ ಹೆಚ್ಚು. ಅದೇಕೆ, ಪರಿಹಾರವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಬೆನ್ನಿನ ರಚನೆಯನ್ನು ನೋಡೋಣ. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬುಗಳು. ಅವುಗಳನ್ನು ಹೊತ್ತ 18 ಬೆನ್ನುಮಣಿಗಳ ಹಿಂದೆ ಸೊಂಟದ 6 ಮಣಿಗಳಿವೆ. ಪಕ್ಕೆಲುಬುಗಳಿರುವ ಭಾಗವು ಕಮಾನು ಕಟ್ಟಿದ ಸೇತುವೆಯಂತೆ ಭಾರವನ್ನು ತಾಳಬಲ್ಲದು. ಸೊಂಟಕ್ಕೆ ಅಂತಹ ಆಸರೆಯಿಲ್ಲ. ಆದುದರಿಂದ ಜೀನಿನ ಭಾರವು ಕೊನೆಯ ಪಕ್ಕೆಲುಬನ್ನು ದಾಟಬಾರದು. ಮುಂಭಾಗದಲ್ಲಿ ಇನ್ನೊಂದು ಎಲ್ಲೆ. ಕುದುರೆಯು ಮುಂಗಾಲನ್ನು ಚಾಚಿದಾಗಲೆಲ್ಲ ಹೆಗಲ ಮೂಳೆಯ ಮೇಲಂಚು ಹಿಂದಕ್ಕೆ ಸರಿಯುತ್ತದೆ. ಜೀನು ಅದಕ್ಕೆ ಅಡ್ಡವಾದರೆ ಹೆಜ್ಜೆ ಮೊಟಕಾಗುವುದು. ಹೀಗೆ ಹೆಗಲ ಮೂಳೆಯಿಂದ ಕೊನೆಯ ಪಕ್ಕೆಲುಬಿನವರೆಗಿನ ಜಾಗ ಮಾತ್ರ ಸವಾರನ ಪಾಲಿಗೆ ಉಳಿಯುತ್ತದೆ.

ಕೆಲವು ಕುದುರೆಗಳಲ್ಲಿ ಈ ಪಾಲು ಬಹಳ ಸಣ್ಣದು. ಹಿಂದೆ ಸಮುದ್ರದ ಮೇಲೆ ಭಟ್ಕಳಕ್ಕೂ ಗೋವೆಗೂ ಬಂದು ವಿಜಯನಗರದ ಸೈನ್ಯವನ್ನು ಸೇರುತ್ತಿದ್ದ ಅರಬ್ಬಿ ತಳಿಯನ್ನೇ ನೋಡಿ. ಚಿಕ್ಕ ಬೆನ್ನು ಅದರ ಹೆಸರಾಂತ ಲಕ್ಷಣ. ಈ ತಳಿಯ ಕೆಲವು ಕುದುರೆಗಳಿಗೆ 17 ಜೊತೆ ಪಕ್ಕೆಲುಬುಗಳೂ ಸೊಂಟದಲ್ಲಿ 5 ಮಣಿಗಳೂ ಇರುತ್ತವೆ. ಇದು ದೋಷವೆಂದು ಬಗೆಯಬೇಡಿ. ಉದ್ದನೆಯ ತೊಲೆಗಿಂತ ಮೋಟು ತೊಲೆ ಕಡಿಮೆ ಬಾಗುವಂತೆ, ಚಿಕ್ಕ ಬೆನ್ನು ಗಟ್ಟಿಮುಟ್ಟಾದುದು. ಹೊರುವ ಶಕ್ತಿಯಿದೆ, ಆದರೆ ಹೇರುವ ಜಾಗ ಕಡಿಮೆ, ತೊಡಕಿರುವುದು ಇಲ್ಲಿಯೇ.

ಜಾಗ ಕಡಿಮೆಯಾದರೆ ಆಗುವ ಕೆಡುಕೇನು? ಭಾರವನ್ನು ವಿಸ್ತಾರದಿಂದ ಭಾಗಿಸಿದರೆ ಒತ್ತಡ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. 60 ಕಿಲೋಗ್ರಾಂ ತೂಕದ ಸವಾರನೂ 8 ಕಿಲೋಗ್ರಾಂ ತೂಕದ ಜೀನೂ ಸೇರಿ 68 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಜೀನಿನ ಮೆತ್ತೆಗಳು 1000 ಚದರ ಸೆಂಟಿಮೀಟರು ತಾಗಿದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ 68 ಗ್ರಾಂ. ಅದೇ ಜೀನು ಬೆನ್ನಿನ ತಿರುವಿಗೆ ಹೊಂದದೆ, ಮುಂದೆ ಹಿಂದೆ ಮಾತ್ರ ತಾಗಿ 400 ಚದರ ಸೆಂಟಿಮೀಟರಿನ ಮೇಲೆ ಕೂತರೆ 170 ಗ್ರಾಂ! ಕುದುರೆಯು ಜಿಗಿಯುತ್ತ ಓಡುವಾಗ ಸವಾರನ ಭಾರವು ಕ್ಷಣಕಾಲ ಇಮ್ಮಡಿಯಷ್ಟಾಗುವುದೂ ಉಂಟು. ಒತ್ತಡ ಮಿತಿಮೀರಿ ಬಹಳ ಹೊತ್ತು ನಿಂತರೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗಿ, ಮೊದಲು ಬಾವು, ಆಮೇಲೆ ಹುಣ್ಣು. ಹುಣ್ಣು ಮಾಯ್ದ ಮೇಲೂ ಕೆಲವೊಮ್ಮೆ ಅಲ್ಲಿ ಬಿಳಿಯ ಕೂದಲು ಹುಟ್ಟಿ, ಹಳೆಯ ನೋವಿಗೆ ಸಾಕ್ಷಿಯಾಗಿ ಉಳಿಯುತ್ತದೆ.

ಇನ್ನು ಸವಾರನ ಕಡೆಗೆ ಬರೋಣ. ಜೀನಿನ ಆಸನ ಎಷ್ಟುದ್ದವಿರಬೇಕೆಂಬುದನ್ನು ಮುಖ್ಯವಾಗಿ ತೊಡೆಯ ಉದ್ದವೂ ನಿತಂಬದ ಗಾತ್ರವೂ ನಿರ್ಣಯಿಸುತ್ತವೆ. ಎತ್ತರದವನು ಕಿರಿದಾದ ಆಸನದಲ್ಲಿ ಕುಳಿತರೆ ಹಿಂದಿನ ಏರಿನ ಮೇಲಕ್ಕೆ ತಳ್ಳಲ್ಪಡುವನು. ಭಾರವೆಲ್ಲ ಮೆತ್ತೆಯ ಹಿಂತುದಿಗೆ ಬಿದ್ದು ಕುದುರೆಯ ಬೆನ್ನನ್ನು ಒತ್ತುವುದು. ಅವನ ಸುಖಕ್ಕಾಗಿ ಉದ್ದನೆಯ ಜೀನನ್ನು ತಂದರೆ ಮೆತ್ತೆಯೇ ಸೊಂಟಕ್ಕೆ ಚಾಚುವುದು. ಹಾಗಾದರೆ ದಾರಿ ಯಾವುದು?

ಆಸನದ ಉದ್ದ ಬೇರೆ, ಬೆನ್ನಿಗೆ ತಾಗುವ ಮೆತ್ತೆಯ ಉದ್ದ ಬೇರೆ. ಇದನ್ನು ಗ್ರಹಿಸಿದರೆ ಅರ್ಧ ಸಮಸ್ಯೆ ಬಿಡಿಸಿದಂತೆ. ಮೆತ್ತೆಯ ಹಿಂತುದಿಯನ್ನು ಮೇಲಕ್ಕೆ ತಿರುಗಿಸಿ ಹೊಲಿದರೆ ಆಸನ ಉಳಿಯುತ್ತದೆ, ಸೊಂಟಕ್ಕೆ ತಾಗುವುದು ತಪ್ಪುತ್ತದೆ. ಉದ್ದದಲ್ಲಿ ಕಳೆದುಕೊಂಡ ವಿಸ್ತಾರವನ್ನು ಮೆತ್ತೆಯ ಅಗಲದಲ್ಲಿ ಸ್ವಲ್ಪಮಟ್ಟಿಗೆ ಗಳಿಸಬಹುದು. ಆದರೆ ಬೆನ್ನೆಲುಬಿನ ಮೇಲಣ ನಡುಸಂದು ಮಾತ್ರ ಬಿಡುವಾಗಿಯೇ ಇರಬೇಕು. ಮೂರನೆಯ ಉಪಾಯವನ್ನು ರೇಖಾಗಣಿತ ಕಲಿಸುತ್ತದೆ. 45 ಸೆಂಟಿಮೀಟರು ಉದ್ದದ ತೊಡೆಯು ನೆಲಮಟ್ಟಕ್ಕೆ 45 ಡಿಗ್ರಿ ಇಳಿಜಾರಾಗಿದ್ದರೆ, ಅಡ್ಡಲಾಗಿ ಸುಮಾರು 32 ಸೆಂಟಿಮೀಟರು ಜಾಗ ಬೇಕು. ಪಾದವಿಡುವ ರಿಕಾಪನ್ನು ಕೆಳಗಿಳಿಸಿ ತೊಡೆಯನ್ನು 60 ಡಿಗ್ರಿಗೆ ತಂದರೆ 22.5 ಸೆಂಟಿಮೀಟರು ಸಾಕು. ಕಾಲು ನೀಡಿ ಕೂರುವ ಸವಾರನಿಗೆ ಚಿಕ್ಕ ಆಸನವೂ ಒಗ್ಗುವುದು ಹೀಗೆ.

ಒಂದೇ ಕುದುರೆಯನ್ನು ತಾಯಿಯೂ ಮಗಳೂ ಏರುವುದಾದರೆ ಜೀನಿನ ತಳವನ್ನು ಕುದುರೆಗೂ ಆಸನವನ್ನು ದೊಡ್ಡವರಿಗೂ ಹೊಂದಿಸುವುದು ಮೇಲು. ಆಸನವು ತುಸು ದೊಡ್ಡದಾದರೆ ಮಗಳು ರಿಕಾಪಿನ ಪಟ್ಟಿಯನ್ನು ಗಿಡ್ಡ ಮಾಡಿ ಹೊಂದಿಕೊಂಡಾಳು. ತೀರ ದೊಡ್ಡದಾದರೆ ಜಾರಾಡಿ ಸಮತೋಲ ಕಳೆದುಕೊಳ್ಳುವಳು. ಹೊಂದದ ಜೀನಿನ ಕೆಳಗೆ ದಪ್ಪ ಕಂಬಳಿ ತುರುಕುವುದು ಮದ್ದಲ್ಲ. ಬಿಗಿಯಾದ ಜೋಡಿನೊಳಗೆ ಎರಡು ಜೊತೆ ಕಾಲುಚೀಲ ತೊಟ್ಟಂತೆಯೇ ಅದು.

ಬಗೆಬಗೆಯ ಕುದುರೆ, ಬಗೆಬಗೆಯ ಸವಾರರಿಗೆ ಒಂದೇ ಮಾದರಿಯ ಜೀನನ್ನು ಹೊಂದಿಸುವ ಪ್ರಶ್ನೆ ಸೈನ್ಯಗಳನ್ನೂ ಕಾಡಿತ್ತು. 1859ರಲ್ಲಿ ಅಮೆರಿಕದ ಸೈನ್ಯವು ಅಂಗೀಕರಿಸಿದ ಮೆಕ್ಲೆಲನ್ ಜೀನಿನ ನಡುವೆ, ಬೆನ್ನೆಲುಬಿನ ನೇರಕ್ಕೆ, ತೆರೆದ ಸಂದಿತ್ತು. ಬ್ರಿಟಿಷರ 1912ರ ಮಾದರಿಯಲ್ಲಿ ಪಕ್ಕದ ಹಲಗೆಗಳು ಕೀಲಿನ ಮೇಲೆ ತಿರುಗಿ ಕುದುರೆಯ ಮೈಗೆ ಹೊಂದಿಕೊಳ್ಳುತ್ತಿದ್ದವು.

ಜೀನು ಹೊಂದಿದೆಯೆ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ತಡವಿ, ಅದರ ಜಾಡು ಹಿಡಿದು ಮೇಲಕ್ಕೆ ಹೋಗಿ ಬೆನ್ನಿನ ಮೇಲೆ ಸುಣ್ಣದ ಗುರುತು ಹಾಕಿ. ಮೆತ್ತೆ ಅದನ್ನು ದಾಟದಿರಲಿ. ಬಾಗುವ ತಂತಿಯನ್ನು ಹೆಗಲ ಹಿಂದೆ ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಬರೆದು ಜೀನಿನ ಚೌಕಟ್ಟಿನೊಡನೆ ಹೋಲಿಸಿ. ಸವಾರಿಯ ಬಳಿಕ ಬೆವರನ್ನು ಗಮನಿಸಿ; ಒದ್ದೆಯ ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಅತಿಯಾಗಿರಬಹುದು, ಇಲ್ಲವೆ ಜೀನು ಅಲ್ಲಿ ತಾಗದೆಯೇ ಇರಬಹುದು. ಎರಡನ್ನೂ ಕೈಯಿಂದ ತಡವಿ ನಿರ್ಧರಿಸಬೇಕು.

ಎಷ್ಟು ಹೊಂದಿಸಿದರೂ ಒಂದು ಮಿತಿಯುಂಟು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 8 ಕುದುರೆಗಳಿಗೆ ಅವುಗಳ ತೂಕದ ಶೇಕಡ 15, 20, 25, 30ರಷ್ಟು ಭಾರ ಹೊರಿಸಿ ನೋಡಿದರು. ಶೇಕಡ 25ನ್ನು ಮುಟ್ಟಿದಾಗ ಆಯಾಸದ ಚಿಹ್ನೆಗಳು ಎದ್ದುಕಂಡವು. ಸವಾರನು ಆ ಮಿತಿಯನ್ನು ಮೀರಿದರೆ, ಇಲ್ಲವೆ ಅವನಿಗೆ ಬೇಕಾದ ಆಸನ ಪಕ್ಕೆಲುಬಿನ ಎಲ್ಲೆಯೊಳಗೆ ಹಿಡಿಸದಿದ್ದರೆ, ಬದಲಿಸಬೇಕಾದುದು ಜೀನನ್ನಲ್ಲ, ಕುದುರೆಯನ್ನು. ಆಯ್ಕೆ ಮಾಡುವ ಶಕ್ತಿ ನಮಗಿದೆ, ಅದಕ್ಕಿಲ್ಲ. ಆದುದರಿಂದ ಅಳತೆ ಮೊದಲು ಅದರದಾಗಲಿ, ಆಮೇಲೆ ನಮ್ಮದು.